ರವಿವಾರದ ತನಕ ಹುಳಿ ಚೆರ್ರಿ

ಬೀದರ

ಜಾರ್ಜಿಯಾಕ್ಕೆ ಹೋಗಿ ಬಂದ ಮೇಲೆ ನಮ್ಮ ಹಣ್ಣಿನ ಬಜಾರದಲ್ಲಿ ಯಾರೂ ನನ್ನನ್ನು ಅಲ್ಲಿಯ ಹಿಮದ ಗುಡ್ಡಗಳ ಬಗ್ಗೆ ಕೇಳಲಿಲ್ಲ. ಪಕ್ಕದ ಬಾಳೆಹಣ್ಣಿನ ಗಾಡಿಯ ರಶೀದ್ ಭಾಯಿಯ ಮೊದಲ ಮಾತು, "ಕಾಶಣ್ಣ, ಅಲ್ಲಿ ಮಾಲ್ ಹ್ಯಾಂಗ ಅದ?" ಎಂದು. ಹಣ್ಣು ಮಾರುವವರಿಗೆ ಪರದೇಶವೂ ಮಾಲೇ. ನಾನು ಕೂಡ ಅಲ್ಲಿ ಸರಿಯಾಗಿ ನೋಡಿದ್ದು ಒಂದೇ ಒಂದು ಹಣ್ಣನ್ನು. ಬಾರಿಹಣ್ಣಿನಷ್ಟು ಗಾತ್ರ, ಕಡುಕೆಂಪು ಬಣ್ಣ, ಬಾಯಿಗಿಟ್ಟರೆ ಹುಣಸೆಯಷ್ಟು ಹುಳಿ. ಅದರ ಕಥೆಯನ್ನೇ ಬರೆಯುತ್ತೇನೆ.

ನಾನು ಹುಟ್ಟಿದ್ದು ಔರಾದದಲ್ಲಿ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಭಾಲ್ಕಿಯಲ್ಲಿ ಮಾವಿನ ದಲಾಲರೊಬ್ಬರ ಗೋದಾಮಿನಲ್ಲಿ ಬುಟ್ಟಿ ಹೊರಲು ನಿಂತೆ. ಈಗ ಬೀದರದಲ್ಲಿ ಸ್ವಂತ ಅಂಗಡಿ ಇದೆ, ಅದರ ಹಿಂದೆ ಸ್ವಂತ ಗೋದಾಮು ಇದೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವುದಕ್ಕೆ ನಮ್ಮಲ್ಲಿ ಅಡಿ ಹಾಕುವುದು ಎನ್ನುತ್ತಾರೆ. ನನಗಿಂತ ಚೆನ್ನಾಗಿ ಅಡಿ ಹಾಕುವವರು ಈ ಜಿಲ್ಲೆಯಲ್ಲಿ ಇದ್ದರೆ ಬಂದು ಹೇಳಲಿ. ಇದು ಬಡಾಯಿ ಎನಿಸಿದವರು ಸ್ವಲ್ಪ ತಾಳಬೇಕು, ಅದಕ್ಕೆ ಬಿದ್ದ ಪೆಟ್ಟೂ ಮುಂದೆ ಬರುತ್ತದೆ.

ನನ್ನ ಮಗಳು ಸುಜಾತಾ ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯಲ್ಲಿ ಡಾಕ್ಟರಕಿ ಓದುತ್ತಾಳೆ. ಅಲ್ಲಿ ಒಂದು ವಯಸ್ಸಾದ ಜೋಡಿಯ ಮನೆಯಲ್ಲಿ ಕೋಣೆ ಹಿಡಿದಿದ್ದಾಳೆ. ಅಜ್ಜಿಯ ಹೆಸರು ನಾತೇಲಾ, ಅಜ್ಜನ ಹೆಸರು ವಖ್ತಂಗ. ಅವರ ಭಾಷೆಯಲ್ಲಿ ಅಜ್ಜಿಗೆ ಬೆಬಿಯಾ, ಅಜ್ಜನಿಗೆ ಬಾಬುವಾ ಎನ್ನುತ್ತಾರಂತೆ. ಸುಜಾತಾ ಕರೆಯುವುದೂ ಹಾಗೆಯೇ. ಅವಳ ಮೊದಲ ಚಳಿಗಾಲದಲ್ಲಿ ಜ್ವರ ಏರಿ ಆಸ್ಪತ್ರೆ ಸೇರಿದಾಗ, ಅವಳ ಫೋನಿನಿಂದ ನನಗೆ ಕರೆ ಬಂತು. ಆದರೆ ದನಿ ಗಂಡಸಿನದು. ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. "ಸುಜಾತಾ, ಕಾರ್ಗಿ. ಸುಜಾತಾ, ಕಾರ್ಗಿ" ಎಂದು ಅದೊಂದನ್ನೇ ಹೇಳುತ್ತಿದ್ದರು. ಕಾರ್ಗಿ ಎಂದರೆ ಚೆನ್ನಾಗಿದ್ದಾಳೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಾನು ಪೇರಲ ಬುಟ್ಟಿಗಳ ನಡುವೆ ಕುಳಿತು "ಹೌದ್ರಿ, ಹೌದ್ರಿ" ಎನ್ನುತ್ತಿದ್ದೆ. ಅವರೂ ಆ ಕಡೆಯಿಂದ ಫೋನ್ ಇಡಲಿಲ್ಲ.

ಆಮೇಲೆ ಪ್ರತಿ ಬೇಸಿಗೆಯಲ್ಲಿ ಫೋನಿನ ಪರದೆಯ ಮೇಲೆ ಬಾಬುವಾನ ಭೇಟಿ. ತಮ್ಮ ಹಳ್ಳಿಯ ಗಿಡದ ಹುಳಿ ಚೆರ್ರಿಯನ್ನು ನನಗೆ ತೋರಿಸಿ ಬಾಯಿಗೆ ಹಾಕಿಕೊಳ್ಳುವರು. ಹಲ್ಲಿಗೆ ಹುಳಿ ತಾಗಿದ ಕೂಡಲೇ ಅವರ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತ ನಗುವರು. ಇಲ್ಲಿ ನನ್ನ ಬಾಯಲ್ಲಿ ನೀರು ಬರುತ್ತಿತ್ತು.

ಹೋದ ಬೇಸಿಗೆಯಲ್ಲಿ ಬಾಬುವಾ ತೀರಿಕೊಂಡರು. ಈ ವರ್ಷ ಸುಜಾತಾ ಫೋನ್ ಮಾಡಿದಳು. "ಅಪ್ಪಾ, ಬಾಬುವಾನ ವರ್ಷದ ದಿನಕ್ಕ ಬರ್ತೀರೇನು ಅಂತ ಬೆಬಿಯಾ ಕೇಳ್ಯಾಳ."

ನಾನು ಮಾವಿನ ಸುಗ್ಗಿಯ ಕೊನೆಯ ಮಾಲಿನ ನೆವ ಹೇಳುವುದರೊಳಗೆ ನನ್ನ ಹೆಂಡತಿ ಶಾಂತಾ ಮಧ್ಯೆ ಬಾಯಿ ಹಾಕಿದಳು. "ಹೋಗ್ರಿ. ಅವ್ರು ನಮ್ಮ ಕೂಸಿನ ತಲಿದಿಂಬಿನ ಬಾಜೂಕ ಕುಂತಾಗ ಯಾವ ಸುಗ್ಗಿ ನೋಡಿದ್ರು?" ಎಂದು ಹೇಳಿ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಹೋಳಗಿ ಮಾಡಿ ಕೊಟ್ಟಳು. "ಡಬ್ಬಿ ಮರೆತು ಬರಬ್ಯಾಡ್ರಿ ಮತ್ತ."

ತ್ಬಿಲಿಸಿ

ನಾತೇಲಾ ಅಜ್ಜಿ ಬಾಗಿಲು ತೆಗೆದರು. ಮೈತುಂಬ ಕಪ್ಪು ಬಟ್ಟೆ. ವರ್ಷ ತುಂಬುವ ತನಕ ಅಲ್ಲಿ ಬಣ್ಣ ಉಡುವುದಿಲ್ಲವಂತೆ. ನಾನು ಬೂಟು ಕಳಚಿ ಬರಿಗಾಲಲ್ಲಿ ಒಳಗೆ ಹೊರಟೆ. ಅವರು ತಡೆದು, ಗೋಡೆಯ ಬದಿಯಿಂದ ಒಂದು ಜೊತೆ ಚಪ್ಪಲಿ ತಂದು ನನ್ನ ಮುಂದಿಟ್ಟರು. ಮನೆಯೊಳಗೆ ಬರಿಗಾಲು ಅವರಿಗೆ ಸರಿ ಕಾಣುವುದಿಲ್ಲ, ಚಪ್ಪಲಿ ಮೆಟ್ಟಿ ಅಡುಗೆಮನೆಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. "ಹಾಕ್ಕೋ ಅಪ್ಪಾ, ಬಾಬುವಾನವು" ಎಂದಳು ಸುಜಾತಾ. ಹಾಕಿಕೊಂಡೆ. ನನ್ನ ಪಾದಕ್ಕೆ ದೊಡ್ಡವಾಗುತ್ತಿದ್ದವು. ಅಲ್ಲಿದ್ದಷ್ಟು ದಿನ ಆ ಮನೆಯಲ್ಲಿ ನನ್ನ ನಡಿಗೆಯ ಸಪ್ಪಳ ಕೇಳಿದಾಗಲೆಲ್ಲ ಅಜ್ಜಿ ತಲೆ ಎತ್ತಿ ನೋಡುತ್ತಿದ್ದರು. ಆಮೇಲೆ ಮತ್ತೆ ತಮ್ಮ ಕೆಲಸಕ್ಕೆ ತಲೆ ಬಗ್ಗಿಸುತ್ತಿದ್ದರು.

ಊಟಕ್ಕೆ ಬಂದ ರೊಟ್ಟಿಯನ್ನು ಮಣ್ಣಿನ ಒಲೆಯ ಗೋಡೆಗೆ ಬಡಿದು ಸುಡುತ್ತಾರೆ, ಥೇಟ್ ನಮ್ಮ ಬೀದರದ ತಂದೂರಿನಂತೆ. ಅದರ ಜೊತೆ ಒಂದು ಬಟ್ಟಲಲ್ಲಿ ಕೆಂಪು ಪಾಕ. "ಮುರಾಬಾ" ಎಂದರು ಅಜ್ಜಿ. ನಾನು ಬೆಚ್ಚಿಬಿದ್ದೆ. "ಮುರಬ್ಬಾ!" ಎಂದೆ. ಹಣ್ಣಿನ ಪಾಕಕ್ಕೆ ನಮ್ಮ ಬೀದರದಲ್ಲೂ ಅದೇ ಹೆಸರು. ಅವರು ತಲೆ ಆಡಿಸಿದರು. ನಮ್ಮಿಬ್ಬರ ಮಧ್ಯೆ ಮಗಳ ಸಹಾಯವಿಲ್ಲದೆ ದಾಟಿದ ಮೊದಲ ಮಾತು ಅದು.

ಉಳಿದ ಮಾತೆಲ್ಲ ಸುಜಾತಾಳ ಬಾಯಿಂದ ನಮ್ಮ ಕಡೆಯ ಕನ್ನಡವಾಗಿಯೇ ನನಗೆ ಮುಟ್ಟುತ್ತಿತ್ತು. ಹಾಗಾಗಿ ನನ್ನ ನೆನಪಿನಲ್ಲಿ ಆ ಅಜ್ಜಿ ಔರಾದದವರ ಹಾಗೆ ಮಾತಾಡುತ್ತಾರೆ.

"ಅವ ಈ ಮುರಬ್ಬಾ ಮುಟ್ತಿದ್ದಿಲ್ಲ" ಎಂದರು ಅಜ್ಜಿ, ಬಟ್ಟಲನ್ನು ನನ್ನ ಕಡೆ ಸರಿಸುತ್ತ. "ಸಕ್ಕರಿ ಬ್ಯಾನಿ ಇತ್ತು. ಕಡೀ ಕಡೀಕ ಗಿಡದಾಗಿನ ಹಸೀ ಹಣ್ಣೇ ಅವನ ಪಾಲು. ವರ್ಷದ ದಿನ ಸಮಾಧಿ ಮುಂದ ಸತ್ತವ್ರಿಗಿ ಇಷ್ಟ ಇದ್ದದ್ದು ಇಡಬೇಕು. ಒಣಗಿಸಿದ್ದಲ್ಲ, ಪಾಕ ಮಾಡಿದ್ದಲ್ಲ. ಅವನ ಗಿಡದ ಹಣ್ಣು, ಹಂಗೇ ತಾಜಾ ಇಡಬೇಕು ನಾನು."

ವರ್ಷದ ದಿನ ರವಿವಾರ. ಆದರೆ ಈ ಸಲ ಬಿಸಿಲು ಹೆಚ್ಚಾಗಿ ಹಣ್ಣು ಮುಂಚೆಯೇ ಮಾಗಿತ್ತು. ಜೊತೆಗೆ ಮಳೆಯ ಸುದ್ದಿ ಇತ್ತು. ಮಾಗಿದ ಚೆರ್ರಿಯ ಮೇಲೆ ಮಳೆ ಬಿದ್ದರೆ ಸಿಪ್ಪೆ ಸೀಳುತ್ತದೆ. ಈಗಲೇ ಬಿಡಿಸಿ ರವಿವಾರದ ತನಕ ಕಾಪಾಡಬೇಕು.

ಅಜ್ಜಿ ನನ್ನ ಕೈಗಳನ್ನು ನೋಡಿದರು. "ನಿಮ್ಮಪ್ಪ ಹಣ್ಣಿನ ಮನಷ್ಯಾ ಅಂತಿದ್ದಿಯಲ್ಲ ಸುಜಾತಾ? ಛಲೋ ಆತು."

"ಚಿಂತಿ ಬಿಡ್ರಿ" ಎಂದೆ ನಾನು. "ಹಣ್ಣಂದ್ರ ನನ್ನ ಕೈಯಾಗ ಬೆಳೆದದ್ದು."

ಹಳ್ಳಿಯ ದಾರಿ

ಹಳ್ಳಿಗೆ ಹೋಗುವ ಗಾಡಿ ನಮ್ಮ ಔರಾದದ ಕ್ರೂಸರ್ ಜೀಪಿನ ತಮ್ಮನಿದ್ದ ಹಾಗೆ. ಸೀಟು ತುಂಬುವ ತನಕ ಬಿಡುವುದಿಲ್ಲ, ತುಂಬಿದ ಮೇಲೂ ಇಬ್ಬರನ್ನು ತುರುಕುತ್ತಾರೆ. ದಾರಿಯಲ್ಲಿ ಒಂದೊಂದು ಚರ್ಚು ಕಂಡಾಗಲೂ ಚಾಲಕ ಸ್ಟೇರಿಂಗ್ ಬಿಟ್ಟು ಎದೆಯ ಮೇಲೆ ಮೂರು ಸಲ ಶಿಲುಬೆ ಎಳೆದುಕೊಳ್ಳುತ್ತಾನೆ. ನಮ್ಮ ಚಾಲಕರು ದರ್ಗಾ ಕಂಡರೆ, ಗುಡಿ ಕಂಡರೆ ಒಂದು ಕೈ ಹಣೆಗೆ ಮುಟ್ಟಿಸುತ್ತಾರೆ. ಒಂದು ಕೈಯಾದರೂ ಗಾಡಿಗೆ ಉಳಿಯುತ್ತದೆ. ಆ ನಾಡಿನಲ್ಲಿ ಚರ್ಚುಗಳಿಗೆ ಬರಗಾಲವಿಲ್ಲ. ನಾನು ಮುಂದಿನ ಸೀಟಿನ ಸರಳು ಹಿಡಿದೇ ಹಳ್ಳಿ ಮುಟ್ಟಿದೆ.

ಮಂಗಳವಾರ

ಮನೆಯ ಹಿಂದೆ ಗಿಡ. ಮದುವೆಯಾದ ವರ್ಷ ಬಾಬುವಾ ನೆಟ್ಟದ್ದು. ಬೆಳಿಗ್ಗೆಯೇ ಬುಟ್ಟಿ ಹಿಡಿದು ನಿಂತ ನನ್ನನ್ನು ಅಜ್ಜಿ ಕೂಡಿಸಿದರು. ಎಲೆಯ ಮೇಲಿನ ಇಬ್ಬನಿ ಪೂರ್ತಿ ಆರುವ ತನಕ ಗಿಡ ಮುಟ್ಟಬಾರದಂತೆ. ಅವರು ಆಗಾಗ ಎದ್ದು ಹೋಗಿ ಎಲೆಗೆ ಅಂಗೈಯ ಹಿಂಬದಿ ತಾಗಿಸಿ ನೋಡಿ ಬಂದು ಮತ್ತೆ ಕೂಡುತ್ತಿದ್ದರು. ಆಮೇಲೆ ಕತ್ತರಿ ಕೊಟ್ಟರು. ಹಣ್ಣು ಹಿಡಿಯಬಾರದು, ಎಳೆಯಬಾರದು, ತೊಟ್ಟಿನ ಸಮೇತ ಕತ್ತರಿಸಬೇಕು.

ಪಕ್ಕದ ಮನೆಯ ಶೋಟಾ ಬೇಲಿಯ ಮೇಲೆ ಮೊಣಕೈ ಊರಿ ನಿಂತಿದ್ದರು. ಬಾಬುವಾನ ಹಳೆಯ ಗೆಳೆಯ, ಬಾಯಿ ಸುಮ್ಮನಿರದ ಮುದುಕ. "ಇಂಡಿಯಾದಿಂದ ಹಣ್ಣಿನ ಪ್ರೊಫೆಸರ್ರು ಬಂದಾರಂತ! ನೆಲದ ಮ್ಯಾಲೆ ಬರೇ ಎಲಿ ಬೀಳಾಕತ್ಯಾವಲ್ಲ ಪ್ರೊಫೆಸರ್ರೇ?" ಎಂದು ಅವರು ಹೇಳಿದ್ದನ್ನು ಸುಜಾತಾ ನಗು ತಡೆದುಕೊಂಡು ನನಗೆ ದಾಟಿಸಿದಳು.

"ಎಲಿ ಲೆಕ್ಕ ಮಾಡಾಕ ನಿಮ್ಮನ್ನ ನಿಂದ್ರಿಸ್ಯಾರಂತ ಹೇಳವಾ ಅವ್ರಿಗಿ" ಎಂದೆ.

ಅಗಲವಾದ ಮೂರು ತಟ್ಟೆಗಳಲ್ಲಿ ಅಜ್ಜಿ ಹಳೆಯ ಹತ್ತಿ ಬಟ್ಟೆ ಹಾಸಿದರು. ಹಣ್ಣಿನ ಮೇಲೆ ಹಣ್ಣು ಬೀಳದಂತೆ ಒಂದೇ ಪದರಾಗಿ ಹರಡಿದರು. ತೊಳೆಯಲಿಲ್ಲ. ಆಮೇಲೆ ಫ್ರಿಜ್ಜಿನಲ್ಲಿದ್ದ ಚೀಸು, ಮೊಸರು, ಸೊಪ್ಪು ಎಲ್ಲವನ್ನೂ ಹೊರಗೆ ತೆಗೆದು ನೆಲಮಾಳಿಗೆಗೆ ಸಾಗಿಸಿದರು. ಗಡಗಡ ಸದ್ದು ಮಾಡುವ ಆ ಹಳೆಯ ಫ್ರಿಜ್ಜಿನಲ್ಲಿ ರವಿವಾರದ ತನಕ ಆ ಮೂರು ತಟ್ಟೆಗಳಿಗೆ ಮಾತ್ರ ಜಾಗ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಬಂದ ನೆಂಟರಿಗೂ ಇಷ್ಟು ಜಾಗ ಬಿಟ್ಟುಕೊಟ್ಟದ್ದು ನಾನು ನೋಡಿಲ್ಲ.

ಬುಧವಾರ

ಪಾದ್ರಿಯನ್ನು ಕಂಡು ಮಾತಾಡಿ ಬರಲು ಅಜ್ಜಿ, ಸುಜಾತಾ ಬೆಳಿಗ್ಗೆ ಪೇಟೆಗೆ ಹೋದರು. ಮನೆಯಲ್ಲಿ ನಾನೊಬ್ಬನೇ.

ಕೆಲಸವಿಲ್ಲದೆ ಕೂಡುವುದು ನನಗೆ ಗೊತ್ತಿಲ್ಲ. ಫ್ರಿಜ್ ತೆರೆದು ತಟ್ಟೆ ನೋಡಿದೆ. ಹಣ್ಣಿನ ಮೇಲೆ ಧೂಳಿತ್ತು. ಒಂದೆರಡು ತೊಟ್ಟಿಗೆ ಜೇಡರ ಬಲೆ ಅಂಟಿತ್ತು. ಒಂದು ಕಡೆ ಹಕ್ಕಿಯ ಹಿಕ್ಕೆಯ ಗುರುತು. ನನ್ನ ಮನಸ್ಸಿಗೆ ಇದು ಹಿಡಿಸಲಿಲ್ಲ. ನಮ್ಮ ಮನೆಯಲ್ಲಿ ಹುಣ್ಣಿಮೆಯ ದಿನ ಬುದ್ಧನ ಮೂರ್ತಿಯ ಮುಂದೆ ಹಣ್ಣು ಇಡುತ್ತೇವೆ. ಅದಕ್ಕೆಂದು ತೆಗೆದಿಟ್ಟ ಹಣ್ಣನ್ನು ಮನೆಗೆ ತಂದ ಕೂಡಲೇ ತೊಳೆದು, ಒರೆಸಿ, ಮುಚ್ಚಿ ಇಡುವುದು ನಮ್ಮ ಅವ್ವನ ಕಾಲದಿಂದ ಬಂದ ಪದ್ಧತಿ. ಮಾರುವ ಹಣ್ಣಿಗೆ ಧೂಳಿದ್ದರೆ ನಡೆಯುತ್ತದೆ. ಇದು ಒಬ್ಬ ದೊಡ್ಡ ಮನುಷ್ಯನ ಮುಂದೆ ಇಡುವ ಹಣ್ಣು. ನನ್ನ ಮಗಳ ತಲೆದಿಂಬಿನ ಪಕ್ಕ ಕುಳಿತವರದು. ಅಜ್ಜಿಗೆ ವಯಸ್ಸಾಗಿದೆ, ಕೈಲಾಗಿಲ್ಲ, ಅದಕ್ಕೇ ಹಾಗೇ ಇಟ್ಟಿದ್ದಾರೆ ಎಂದುಕೊಂಡೆ.

ಬಾವಿಯ ನೀರು ಸೇದಿ, ಉಪ್ಪು ಹಾಕಿ, ಎರಡು ತಟ್ಟೆಯ ಹಣ್ಣನ್ನು ಒಂದೊಂದಾಗಿ ತೊಳೆದೆ. ಕಸ ಕೂಡುವ ಜಾಗ ಎಂದು ತೊಟ್ಟು ಕಿತ್ತೆ. ಶಾಂತಾ ಕೊಟ್ಟ ಹೋಳಗಿಯ ಖಾಲಿ ಸ್ಟೀಲ್ ಡಬ್ಬಿಯನ್ನು ತಿಕ್ಕಿ ತೊಳೆದು, ಹಣ್ಣನ್ನು ಅದರಲ್ಲಿ ತುಂಬಿ, ಮುಚ್ಚಳ ಒತ್ತಿ ಫ್ರಿಜ್ಜಿನಲ್ಲಿಟ್ಟೆ. ಮೂರನೆಯ ತಟ್ಟೆ ಹಿಡಿದು ಬಾವಿಯ ಕಟ್ಟೆಗೆ ಬರುವಷ್ಟರಲ್ಲಿ ಶೋಟಾ ಬೇಲಿ ದಾಟಿ ಓಡಿ ಬಂದರು. "ಅರಾ! ಅರಾ!" ಎಂದು ಕೈ ಬೀಸುತ್ತಿದ್ದರು. ಅರಾ ಎಂದರೆ ಬೇಡ ಎಂದು. ಅಷ್ಟು ನನಗೂ ಗೊತ್ತಾಗಿತ್ತು. ಆದರೆ ಅತಿಥಿ ಕೆಲಸ ಮಾಡುವುದು ಬೇಡ ಎನ್ನುತ್ತಿದ್ದಾರೆ ಎಂದುಕೊಂಡು, "ಇರ್ಲಿ ಬಿಡ್ರಿ, ನಂದೂ ಮನೀನೇ" ಎಂದೆ. ಅವರು ತಟ್ಟೆ ಕಸಿದುಕೊಂಡು ಎದೆಗೆ ಹಿಡಿದು ನಿಂತರು. ಅಜ್ಜಿ ಬರುವ ತನಕ ಆ ಮುದುಕ ನೆರಳಿನಲ್ಲಿ ಹಾಗೆಯೇ ನಿಂತಿದ್ದರು. ನಾನು ಎದುರಿಗೆ ಕುಳಿತಿದ್ದೆ.

ಅಜ್ಜಿ ಬಂದು ಡಬ್ಬಿಯ ಮುಚ್ಚಳ ತೆಗೆದರು. ತೊಟ್ಟು ಕಿತ್ತ ಜಾಗದಿಂದ ರಸ ಒಸರಿ ತಳದಲ್ಲಿ ಕೆಂಪು ನೀರು ನಿಂತಿತ್ತು. ಅವರು ಕುರ್ಚಿ ಎಳೆದುಕೊಂಡು ಕುಳಿತರು. ಬಹಳ ಹೊತ್ತು ಡಬ್ಬಿಯೊಳಗೇ ನೋಡಿದರು.

"ಯಾಕ ತೊಳೆದ್ರಂತ ಕೇಳು" ಎಂದರು ಮಗಳಿಗೆ.

ಹೇಳಿದೆ. ಬುದ್ಧನ ಮುಂದೆ ಇಡುವ ಹಣ್ಣಿನ ಮಾತು, ಅವ್ವನ ಮಾತು, ಎಲ್ಲ ಹೇಳಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. ಸುಜಾತಾ ತಲೆ ಎತ್ತದೆ ಅದನ್ನು ದಾಟಿಸಿದಳು.

ಅಜ್ಜಿ ಬೈಯಲಿಲ್ಲ. "ಇದು ನಿಮ್ಮ ಮಾವಿನಹಣ್ಣಿನಂಗ ದಪ್ಪ ತೊಗಲಿಂದಲ್ಲ. ತೊಟ್ಟ ಕಿತ್ತರ ಇದಕ್ಕ ಗಾಯ ಆದಂಗ. ನೀರ ಹತ್ತಿದ ಮ್ಯಾಲ ಮುಚ್ಚಿಟ್ಟರ ಬೂಸ್ರು ಬರ್ತದ. ನಾ ಹೇಳಿ ಹೋಗಬೇಕಿತ್ತು. ಹಣ್ಣಿನ ಮನಷ್ಯಾಗ ಏನ್ ಹೇಳೋದಂತ ಬಿಟ್ಟೆ."

ಈ ಕೊನೆಯ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು. ಶೋಟಾ ಉಳಿದ ತಟ್ಟೆಯನ್ನು ಅಜ್ಜಿಯ ಮುಂದಿಟ್ಟು ನನ್ನ ಕಡೆ ತಿರುಗಿದರು. "ಹಣ್ಣಿಗಿ ಜಳಕ ಅಂತೂ ಆತು ಪ್ರೊಫೆಸರ್ರೇ. ಇನ್ನ ಅಂಗಿ ಹೊಲಿಸ್ರಿ."

ಯಾರೂ ನಗಲಿಲ್ಲ. ಅವರೂ ನಗಲಿಲ್ಲ.

ಆ ಸಂಜೆ ಮಳೆ ಸುರಿಯಿತು. ಗಿಡದ ತುದಿಯಲ್ಲಿ ಉಳಿದಿದ್ದ ಹಣ್ಣು ಬೆಳಿಗ್ಗೆ ನೋಡುವಾಗ ಸೀಳಿ ಬಾಯಿ ಬಿಟ್ಟಿತ್ತು. ತೊಳೆದ ಹಣ್ಣನ್ನು ಅಜ್ಜಿ ಸಕ್ಕರೆ ಹಾಕಿ ಒಲೆಯ ಮೇಲಿಟ್ಟರು. ಬಾಬುವಾ ಮುಟ್ಟದ ಮುರಬ್ಬಾ ಆಯಿತು. ಉಳಿದದ್ದು ಶೋಟಾ ಕಾಯ್ದುಕೊಂಡ ಒಂದು ತಟ್ಟೆ ಮಾತ್ರ.

ಕರೆಂಟು ಹೋದ ದಿನ

ಅಡಿ ಹಾಕಿದ ಮಾವನ್ನು ದಿನವೂ ಕೈಯಾಡಿಸಿ ತಿರುವಬೇಕು. ತಿರುವದ ಕೈ ಸೋಮಾರಿ ಕೈ ಎಂದು ನಾನೇ ಅದೆಷ್ಟು ಆಳುಗಳಿಗೆ ಬೈದಿಲ್ಲ! ಇಲ್ಲಿ ತಿರುವುವ ಹಾಗೇ ಇಲ್ಲ. ದಿನಕ್ಕೊಮ್ಮೆ ಅಜ್ಜಿ ಫ್ರಿಜ್ ತೆರೆಯುವರು. ಮೆತ್ತಗಾದ ಹಣ್ಣು ಕಂಡರೆ ತೊಟ್ಟು ಹಿಡಿದು ಮೆಲ್ಲಗೆ ಎತ್ತಿ ತೆಗೆಯುವರು, ಪಕ್ಕದ ಹಣ್ಣಿಗೆ ತಾಗಿಸದೆ. ಮತ್ತೆ ಬಾಗಿಲು. ಅಷ್ಟೇ ಕೆಲಸ. ನಾನು ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಈ ವಯಸ್ಸಿನ ತನಕ ಮಾಡಿದ ಕೆಲಸಗಳಲ್ಲಿ, ಮುಟ್ಟದೆ ನಿಲ್ಲುವ ಆ ಕೆಲಸವೇ ನನಗೆ ಕಷ್ಟವಾಯಿತು.

ಶುಕ್ರವಾರ ಮಧ್ಯಾಹ್ನ ಗಾಳಿ ಎದ್ದು ಎಲ್ಲೋ ತಂತಿ ಹರಿಯಿತು. ಫ್ರಿಜ್ಜಿನ ಗಡಗಡ ನಿಂತಿತು. ಆ ಸದ್ದು ನಿಂತ ಕೂಡಲೇ ಅಜ್ಜಿ ಕೈಯಲ್ಲಿದ್ದ ಕೆಲಸ ಬಿಟ್ಟರು. ಎದ್ದು ಹೋಗಿ ಬಾಗಿಲಿಗೆ ಕೈ ಹಾಕಿದರು.

"ಅರಾ!" ಎಂದೆ ನಾನು.

ಅವರು ತಿರುಗಿ ನೋಡಿದರು. ಎರಡು ದಿನದ ಹಿಂದೆ ಹಣ್ಣು ಕೆಡಿಸಿದವನು ಈಗ ಬೇಡ ಎನ್ನುತ್ತಿದ್ದಾನೆ. "ತೆಗೀಬ್ಯಾಡ್ರಿ" ಎಂದೆ. "ನಮ್ಮ ಬೀದರದಾಗ ಬ್ಯಾಸಗಿ ತುಂಬ ಕರೆಂಟ್ ಹೋಗ್ತದ. ಒಳಗಿನ ತಂಪು ಒಳಗೇ ಇರ್ಲಿ. ನೋಡಬೇಕಂತ ಒಮ್ಮೆ ತೆಗೆದ್ರ ಅಷ್ಟು ತಂಪು ಹೊರಗ ಹೋತು." ಸುಜಾತಾ ಅದನ್ನು ಹೇಳಿ ಮುಗಿಸಿದರೂ ಅಜ್ಜಿಯ ಕೈ ಹಿಡಿಕೆಯ ಮೇಲೇ ಇತ್ತು.

ಕರೆಂಟು ಹೋದಾಗ ಫ್ರಿಜ್ಜಿಗೆ ಶತ್ರು ಬಿಸಿಲಲ್ಲ, ಮನೆಯವರ ಕೈ. ಗೊತ್ತಿಲ್ಲದೆಯೇ ಬಾಗಿಲಿಗೆ ಹೋಗುತ್ತದೆ ಅದು. ನಮ್ಮ ಓಣಿಯ ಕುಲ್ಫಿ ಅಂಗಡಿಯವನು ಕರೆಂಟು ಹೋದ ಕೂಡಲೇ ಪೆಟ್ಟಿಗೆಗೆ ಹಗ್ಗ ಸುತ್ತುತ್ತಾನೆ. ನಾನು ಹೆಗಲ ಮೇಲಿನ ಟವೆಲ್ ತೆಗೆದು ಹಿಡಿಕೆಗೆ ಬಿಗಿದೆ. ಒಂದು ದಪ್ಪ ಕಂಬಳಿ ತಂದು ಬಾಗಿಲಿಗೆ ಹೊದಿಸಿದೆ. ಅಜ್ಜಿ ಕೈ ತೆಗೆದು ಹಿಂದೆ ಸರಿದರು. ಸಂಜೆ ಶೋಟಾ ಬಂದವರು ಹಳೆಯ ರೂಢಿಯಲ್ಲಿ ತಣ್ಣನೆಯ ನೀರಿಗೆಂದು ಫ್ರಿಜ್ಜಿಗೆ ಕೈ ಚಾಚಿದರು. ಗಂಟು ಕಂಡು ಕೈ ಹಿಂದೆಗೆದುಕೊಂಡರು. "ಫ್ರಿಜ್ಜಿಗೂ ರುಮಾಲು ಸುತ್ತ್ಯಾರ" ಎಂದು ಗೊಣಗಿ ಹೊರಗಿದ್ದ ಬೆಚ್ಚಗಿನ ನೀರನ್ನೇ ಕುಡಿದರು.

ಕರೆಂಟು ಮರುದಿನ ಬೆಳಿಗ್ಗೆ ಬಂತು. ಗಂಟು ಬಿಚ್ಚಿದವರು ಅಜ್ಜಿಯೇ. ತೊಟ್ಟುಗಳು ಕಂದಿದ್ದವು. ಬಟ್ಟೆಯ ಮೇಲೆ ಅಲ್ಲಲ್ಲಿ ಕೆಂಪು ಕಲೆ. ಅವರು ಒಂದೊಂದಾಗಿ ಎತ್ತಿ ತೆಗೆಯುತ್ತ ಹೋದ ಹಾಗೆ ತಟ್ಟೆ ಬರಿದಾಗುತ್ತ ಬಂತು. ಕೊನೆಗೆ ಒಂದು ಬಟ್ಟಲಿನಷ್ಟು ಹಣ್ಣು ಉಳಿಯಿತು, ಬಿಗಿಯಾಗಿ, ಹೊಳೆಯುತ್ತ. ಅಜ್ಜಿ ನನ್ನ ಟವೆಲನ್ನು ಮಡಿಚಿ ನನ್ನ ಹೆಗಲ ಮೇಲೆ ಹಾಕಿದರು.

ರವಿವಾರ

ಅಲ್ಲಿಯ ಸಮಾಧಿಗಳಿಗೆ ಕಬ್ಬಿಣದ ಬೇಲಿ ಇರುತ್ತದೆ. ಬೇಲಿಯೊಳಗೆ ಕಲ್ಲು, ಕಲ್ಲಿನ ಮುಂದೆ ಒಂದು ಮೇಜು, ಕೂಡಲು ಬೆಂಚು. ನಮ್ಮಲ್ಲಿ ಅಷ್ಟೂರಿನ ಗುಮ್ಮಟಗಳ ಬದಿಯಲ್ಲಿ ಬುತ್ತಿ ಬಿಚ್ಚಿ ಕುಳಿತವರನ್ನು ಕಂಡಿದ್ದೇನೆ. ಆದರೆ ಅವರು ಉಣ್ಣುವುದು ಒಳಗೆ ಮಲಗಿದ ಸುಲ್ತಾನರ ಜೊತೆಗಲ್ಲ. ಇಲ್ಲಿ ಸತ್ತವರ ಜೊತೆಗೇ ಉಣ್ಣುತ್ತಾರೆ. ಅದಕ್ಕೇ ಮೇಜು.

ಕಪ್ಪು ಕಲ್ಲಿನ ಮೇಲೆ ಬಾಬುವಾನ ಮುಖ ಕೊರೆದಿದ್ದರು. ಎರಡೂ ಕಣ್ಣು ತೆರೆದೇ ಇದ್ದವು. ಫೋನಿನಲ್ಲಿ ನಾನು ಕಂಡ ಮುಖ ಅದಲ್ಲ ಎನಿಸಿತು.

ಪಾದ್ರಿ ಮಂತ್ರ ಓದಿ ಹೋದರು. ನೆಂಟರು, ನೆರೆಯವರು ಎದ್ದು ನಿಂತು ಒಬ್ಬೊಬ್ಬರಾಗಿ ಸತ್ತವರ ಬಗ್ಗೆ ಮಾತಾಡಿ, ದ್ರಾಕ್ಷಾರಸವನ್ನು ಮೊದಲು ಸ್ವಲ್ಪ ಮಣ್ಣಿಗೆ ಸುರಿದು ಆಮೇಲೆ ಕುಡಿದರು. ನಾನು ಕುಡಿಯುವವನಲ್ಲ. ನನ್ನ ಲೋಟದಲ್ಲಿ ಚೆರ್ರಿ ಕುದಿಸಿದ ನೀರಿತ್ತು. ನನ್ನ ಸರದಿ ಬಂದಾಗ ಸುಜಾತಾ, "ಏನಾರ ಮಾತಾಡು ಅಪ್ಪಾ, ನಾ ಹೇಳ್ತೇನಿ" ಎಂದಳು. ದೊಡ್ಡ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಕಲ್ಲಿನ ಕಡೆ ನೋಡಿ, "ಬಾಬುವಾ, ಸುಜಾತಾ ಕಾರ್ಗಿ" ಎಂದೆ. ಅದನ್ನು ಮಗಳು ದಾಟಿಸಬೇಕಾಗಲಿಲ್ಲ.

ಆಗ ಅಜ್ಜಿ ಚೀಲದಿಂದ ಬಟ್ಟಲು ತೆಗೆದರು. ಬಟ್ಟೆ ಸರಿಸಿದರು. ಹಣ್ಣಿನ ಮೇಲೆ ಮಂಗಳವಾರದ ಧೂಳು ಹಾಗೇ ಇತ್ತು. ಬಟ್ಟಲನ್ನು ನನ್ನ ಕೈಗೆ ಕೊಟ್ಟು, ನೀರಿನ ಬಾಟಲಿಯ ಮುಚ್ಚಳ ತೆಗೆದು ಹಿಡಿದರು.

"ಈಗ ತೊಳಿರಿ" ಎಂದರು. "ನಿಮ್ಮ ಅವ್ವ ತೊಳೀತಿದ್ದಂಗೇ ತೊಳಿರಿ."

ಅವರು ನೀರು ಸುರಿದರು. ನಾನು ಬಟ್ಟಲು ಬಾಗಿಸಿ, ಬೆರಳ ತುದಿಯಿಂದ ಹಣ್ಣನ್ನು ಅಲುಗಾಡಿಸಿ ತೊಳೆದೆ. ನೀರು ಸಮಾಧಿಯ ಮಣ್ಣಿಗೆ ಇಳಿಯಿತು. ತೊಟ್ಟು ಕೀಳಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಮುಂದೆ ಇಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಅದೇ ಬಟ್ಟಲಿನಿಂದ ಎಲ್ಲರಿಗೂ ಒಂದೊಂದು ಹಣ್ಣು ಹಂಚಿದರು. ಅದಕ್ಕಿಂತ ಹೆಚ್ಚು ಕೊಡುವಷ್ಟು ಇರಲಿಲ್ಲ. ತಪ್ಪು ಯಾರದು ಎಂದು ಅಲ್ಲಿ ನಮ್ಮ ನಾಲ್ವರಿಗೆ ಗೊತ್ತಿತ್ತು. ಶೋಟಾ ಕೂಡ ಆ ದಿನ ಬಾಯಿ ಬಿಡಲಿಲ್ಲ. ಎಲ್ಲರೂ ಒಟ್ಟಿಗೇ ಬಾಯಿಗೆ ಹಾಕಿಕೊಂಡೆವು.

ಅಂಥ ಹುಳಿಯನ್ನು ನಾನು ಹಿಂದೆ ತಿಂದಿಲ್ಲ. ಕಿವಿಯ ಹಿಂದೆ ಜುಮ್ಮೆಂದಿತು, ಎಡಗಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಉಳಿದ ಕಣ್ಣಿನಿಂದ ನೋಡಿದೆ. ಶೋಟಾನದು ಮುಚ್ಚಿತ್ತು. ನನ್ನ ಮಗಳದು ಮುಚ್ಚಿತ್ತು. ಮೇಜಿನ ಸುತ್ತ ಕುಳಿತ ಅಷ್ಟೂ ಜನ ಒಂದೊಂದು ಕಣ್ಣು ಮುಚ್ಚಿಕೊಂಡು ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ನಾತೇಲಾ ಅಜ್ಜಿ ಒಂದೇ ಕಣ್ಣಿನಿಂದ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಆಮೇಲೆ ಕಲ್ಲಿನ ಕಡೆ ತಿರುಗಿ, ನಕ್ಕರು.